ಹೇಂಟೆಯನ್ನು ಕಾವಿಗೆ ಕೂರಿಸಿ ಮರಿ ಮಾಡಿಸುವ ಕ್ರಮ

ಮೊಟ್ಟೆ ಇಡುವುದನ್ನು ನಿಲ್ಲಿಸಿದ ಹೇಂಟೆಯು ಗೂಡು ಬಿಟ್ಟೇಳದೆ, ಕೈ ಹತ್ತಿರ ತಂದರೆ ಗರಿ ಕೆದರಿ ಗದರಿದರೆ ಅದಕ್ಕೆ ಕಾವು ಬಂದಿದೆಯೆಂದು ತಿಳಿಯಬೇಕು. ಎರಡು ರಾತ್ರಿ ಹಾಗೆಯೇ ಕುಳಿತ ಮೇಲಷ್ಟೇ ಮೊಟ್ಟೆಗಳನ್ನು ಒಪ್ಪಿಸಿ. ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ಮರಿ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ; ಒದ್ದೆ ನೆಲದಲ್ಲಿ ಎಳೆಮರಿಗಳಿಗೆ ರಕ್ತಭೇದಿ ಬೇಗ ತಗಲುತ್ತದೆ. ನವರಾತ್ರಿ ಕಳೆದ ಮೇಲೆ ಕೂರಿಸಿದರೆ ಮರಿಗಳು ಒಣ ಅಂಗಳದಲ್ಲಿ ಬೆಳೆಯುತ್ತವೆ.

ಹುಂಜದ ಜೊತೆಗಿರುವ ಹೇಂಟೆಗಳ, ಒಂದು ವಾರದೊಳಗಿನ ಮೊಟ್ಟೆಗಳನ್ನೇ ಆರಿಸಿ, ತೊಳೆಯದೆ, ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿ ಇಟ್ಟಿರಬೇಕು. ಊರಕೋಳಿಯ ರೆಕ್ಕೆಯಡಿಗೆ 10ರಿಂದ 12 ಸಾಕು. ಬುಟ್ಟಿಯ ತಳಕ್ಕೆ ಒಲೆಯ ಬೂದಿ ಹರಡಿ, ಮೇಲೆ ಹೊಸ ಬೈಹುಲ್ಲು ಹಾಸಿ, ಕತ್ತಲಾದ ಮೇಲೆ ಎಲ್ಲವನ್ನೂ ಒಟ್ಟಿಗೇ ಇಡಿ. ಒಂದು ವರ್ಷ ನಾನು ಹಳೆಯ ಹುಲ್ಲನ್ನೇ ಬಿಟ್ಟಿದ್ದೆ. ಹೇನು ತಾಳಲಾರದೆ ಹೇಂಟೆ 15ನೆಯ ದಿನ ಎದ್ದುಹೋಗಿ, ತುಂಬಿದ ಮೊಟ್ಟೆಗಳೆಲ್ಲ ತಣ್ಣಗಾದವು. ಆ ನೋವು ಇನ್ನೂ ಮರೆತಿಲ್ಲ.

ದಿನಕ್ಕೊಮ್ಮೆ ಅದು ಎದ್ದು ಮೇದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಬರಲಿ. ಏಳನೆಯ ರಾತ್ರಿ ಮೊಟ್ಟೆಯ ಅಗಲ ತುದಿಗೆ ಟಾರ್ಚ್ ಒತ್ತಿ ಹಿಡಿದರೆ, ಕಟ್ಟಿದ ಮೊಟ್ಟೆಯೊಳಗೆ ಜೇಡನ ಕಾಲಿನಂತೆ ಕೆಂಪು ನರಗಳು ಚಾಚಿರುವುದು ಕಾಣುತ್ತದೆ. ತಿಳಿಯಾಗಿ ಬೆಳಗುವವನ್ನು ತೆಗೆದುಬಿಡಿ. 18ನೆಯ ದಿನದಿಂದ ಮುಟ್ಟಲೇಬೇಡಿ. 21ನೆಯ ದಿನದ ಸುಮಾರಿಗೆ ಓಡು ಬಿರಿಯುತ್ತದೆ. ಬಿರುಕು ಬಿಟ್ಟ ಮರಿ ಹೊರಬರಲು ಒಂದು ದಿನವೇ ಹಿಡಿಯಬಹುದು. ಒಳಪೊರೆಯ ನರಗಳಲ್ಲಿ ಇನ್ನೂ ರಕ್ತವಿರುವುದರಿಂದ, ಕನಿಕರದಿಂದ ಓಡು ಸುಲಿದರೆ ಮರಿಯೇ ಸಾಯುತ್ತದೆ.

ಹೊಟ್ಟೆಯೊಳಗಿನ ಹಳದಿಯ ಬಲದಿಂದ ಮೊದಲ ಮರಿಗಳು ಎರಡು ದಿನ ಆಹಾರವಿಲ್ಲದೆ ಇರಬಲ್ಲವು. ಆದ್ದರಿಂದ ಉಳಿದವು ಒಡೆಯುವವರೆಗೆ ತಾಯಿಯನ್ನು ಎಬ್ಬಿಸಬಾರದು. ಬಳಿಕ ಸಣ್ಣ ನುಚ್ಚಿನ ಜೊತೆ ಮರಿಗಳ ಸ್ಟಾರ್ಟರ್ ಆಹಾರವನ್ನೂ ಕೊಡಿ; ನುಚ್ಚೊಂದರಿಂದಲೇ ಮೈ ತುಂಬುವುದಿಲ್ಲ. ನೀರಿನ ಗೆರಟೆಯಲ್ಲಿ ಬೆಣಚುಕಲ್ಲುಗಳನ್ನು ಹಾಕದಿದ್ದರೆ ಮರಿ ಮುಳುಗುತ್ತದೆ. ಮೊದಲ ವಾರದಲ್ಲೇ ಮೃಗಾಸ್ಪತ್ರೆಯಲ್ಲಿ ವಿಚಾರಿಸಿ ರಾಣಿಖೇತ್ ರೋಗದ ಲಸಿಕೆಯ ಹನಿ ಹಾಕಿಸಿ.

ಕಾಗೆ, ಗಿಡುಗಗಳ ಭಯಕ್ಕೆ ಮೊದಲ ಎರಡು ವಾರ ತಾಯಿ ಮರಿಗಳನ್ನು ದೊಡ್ಡ ಬುಟ್ಟಿಯಡಿ ಕವುಚಿಡುವುದು ಕ್ಷೇಮ. ಮುಂದೆ ತೋಟಕ್ಕೆ ಬಿಟ್ಟರೂ, ತಾಯಿ ಅವುಗಳನ್ನು ತಾನಾಗಿ ಕುಕ್ಕಿ ದೂರಮಾಡುವವರೆಗೆ, ಸಂಜೆ ಎಣಿಸಿಯೇ ಗೂಡಿನ ಬಾಗಿಲು ಹಾಕಿ.