ಗೋಕರ್ಣದಲ್ಲಿ ಕಾಲಿಗೆ ಒಂದು ದಿನದ ರಜೆ

ಕಾರವಾರದ ಶೆಜ್ಜೇಶ್ವರದಿಂದ ಮುರ್ಡೇಶ್ವರದವರೆಗೆ ಸಮುದ್ರದ ಬದಿಯಲ್ಲೇ ನಡೆದು ಹೋಗಬೇಕೆಂಬುದು ನನ್ನ ಬಹಳ ದಿನಗಳ ಆಸೆಯಾಗಿತ್ತು. ಆತ್ಮಲಿಂಗದ ಕಥೆ ಕರಾವಳಿಯವರಿಗೆಲ್ಲ ಗೊತ್ತಿರುವುದೇ. ರಾವಣ ಶಿವನಿಂದ ಪಡೆದು ತರುತ್ತಿದ್ದ ಲಿಂಗವನ್ನು ಗಣಪತಿ ಕೆಳಗಿಟ್ಟಾಗ ಅದು ಗೋಕರ್ಣದಲ್ಲಿ ನೆಲ ಕಚ್ಚಿತು, ಸಿಟ್ಟಿಗೆದ್ದ ರಾವಣ ಎಸೆದ ಲಿಂಗದ ಸಂಪುಟ ಶೆಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಬಟ್ಟೆ ಮುರ್ಡೇಶ್ವರದಲ್ಲಿ ಬಿತ್ತು. ಈ ಐದು ಕ್ಷೇತ್ರಗಳನ್ನು ಕೂಡಿಸುತ್ತ ಹೋದರೆ ಉತ್ತರ ಕನ್ನಡದ ಕರಾವಳಿಯ ಬಹುಪಾಲು ಕಾಲಡಿಗೆ ಬಂದಂತೆಯೇ. ನಾನು ಅದನ್ನು ಎರಡು ನಡಿಗೆಯಾಗಿ ಮಾಡಿಕೊಂಡು, ನಡುವೆ ಗೋಕರ್ಣದಲ್ಲಿ ಒಂದಿಡೀ ದಿನ ನಿಂತೆ.

ಆ ನಿಲುಗಡೆ ಬೇಕೇ ಬೇಕಿತ್ತು. ಕಾರವಾರ ದಾಟಿದ ಮೇಲೆ ಅರ್ಗಾ ಕಡೆ ನೌಕಾನೆಲೆ ಇರುವುದರಿಂದ ಕಡಲ ಬದಿ ಹಿಡಿಯಲು ಆಗುವುದಿಲ್ಲ, ರಾಷ್ಟ್ರೀಯ ಹೆದ್ದಾರಿ 66ರ ಡಾಂಬರಿನಲ್ಲೇ ನಡೆಯಬೇಕು. ಕಾದ ಡಾಂಬರು ಅಂಗಾಲನ್ನು ಬೇಯಿಸುತ್ತದೆ. ಮುಂದೆ ಮರಳು ಸಿಕ್ಕಿತೆಂದು ಖುಷಿಪಟ್ಟರೆ ಅದರ ಕಷ್ಟವೇ ಬೇರೆ. ತೆಂಕು ದಿಕ್ಕಿಗೆ ನಡೆಯುವವರಿಗೆ ಸಮುದ್ರ ಯಾವಾಗಲೂ ಬಲಕ್ಕೆ. ಮರಳು ಆ ಕಡೆಗೇ ಇಳಿಜಾರು. ಗಂಟೆಗಟ್ಟಲೆ ಬಲಗಾಲು ತಗ್ಗಿನಲ್ಲಿ, ಎಡಗಾಲು ದಿಬ್ಬದಲ್ಲಿ. ಅಂಕೋಲೆ, ಮಂಜುಗುಣಿ ಕಳೆದು ಗಂಗಾವಳಿ ನದಿ ದಾಟುವಷ್ಟರಲ್ಲಿ ನನ್ನ ಬಲ ಮಂಡಿಯ ಹೊರಬದಿ ಸೆಳೆಯಲು ಶುರುವಾಗಿತ್ತು.

ಗೋಕರ್ಣದಲ್ಲಿ ಬಿಡುವಿನ ದಿನ ಎಂದರೆ ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಎಂದು ಸುತ್ತಿ ಬರುವುದನ್ನೇ ಎಲ್ಲರೂ ಹೇಳುತ್ತಾರೆ. ಉದ್ದ ನಡಿಗೆಯ ಮಧ್ಯೆ ಇರುವವರು ದಯವಿಟ್ಟು ಈ ಮಾತು ಕೇಳಬೇಡಿ. ಅದು ಬಂಡೆ, ಗುಡ್ಡ ಹತ್ತಿಳಿಯುವ ದಾರಿ. ಹೇಗೂ ಮರುದಿನ ತದಡಿಗೆ ಹೋಗುವಾಗ ಅದೇ ಹಾದಿ ಸಿಗುತ್ತದೆ. ಬಿಡುವಿನ ದಿನ ಇರುವುದು ಊರಿಗೆ.

ಬೆಳಿಗ್ಗೆ ಎದ್ದವನೇ ಹಿಡಿದದ್ದು ಶೂ ಮತ್ತು ಸಾಕ್ಸ್. ಶೂ ಒಳಗಿನ ಅಟ್ಟೆ ಕಿತ್ತು ತೆಗೆದಾಗ ಅಡಿಯಲ್ಲಿ ನುಣ್ಣನೆ ಮರಳಿನ ಜೊತೆ ಬಿಳಿ ಉಪ್ಪಿನ ಪದರ ಕಟ್ಟಿತ್ತು. ಬೆರಳಲ್ಲಿ ಉಜ್ಜಿದರೆ ಮರಳುಕಾಗದದ ಹಾಗೆ ಗರಗರ. ಕಡಲ ಬದಿಯಲ್ಲಿ ನಡೆಯುವವರಿಗೆ ಬೊಕ್ಕೆ ಬರುವುದು ದೂರ ನಡೆಯುವುದರಿಂದ ಮಾತ್ರ ಅಲ್ಲ, ಇದರಿಂದಲೂ ಹೌದು. ಒದ್ದೆಯಾಗಿ ಮೆತ್ತಗಾದ ಚರ್ಮವನ್ನು ಒಣಗಿದ ಉಪ್ಪು ತಿಕ್ಕುತ್ತಲೇ ಇರುತ್ತದೆ. ಸೋಪು ಹಾಕದೆ ಬರೀ ಸಿಹಿನೀರಲ್ಲಿ ಮೂರು ಸಲ ಜಾಲಿಸಿ, ಬಿಸಿಲಿಗಿಡದೆ ಗಾಳಿಯಾಡುವ ನೆರಳಲ್ಲಿ ಒಣಹಾಕಿದೆ. ನೇರ ಬಿಸಿಲಿಗೆ ಶೂವಿನ ಅಂಟು ಬಿಡುತ್ತದೆ.

ಹಿಮ್ಮಡಿಯಲ್ಲೊಂದು ಬೊಕ್ಕೆ ನೀರು ತುಂಬಿಕೊಂಡಿತ್ತು. ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಹಾಕಿದೆ, ಮೇಲಿನ ಚರ್ಮ ಹಾಗೇ ಬಿಟ್ಟೆ. ಆ ಚರ್ಮ ಕಿತ್ತರೆ ಮರುದಿನ ಹೆಜ್ಜೆ ಇಡಲಾಗದು. ಆ ದಿನವಿಡೀ ಪಟ್ಟಿ ಕಟ್ಟದೆ ಗಾಳಿಗೆ ಬಿಟ್ಟು, ರಾತ್ರಿ ಮೈಕ್ರೋಪೋರ್ ಟೇಪ್ ಸುತ್ತಿದೆ. ಬಿಸಿನೀರಿಗೆ ಸಾಣಿಕಟ್ಟಾದ ಕಲ್ಲುಪ್ಪು ಹಾಕಿ ಕಾಲು ಅದ್ದಿಡುವ ಪದ್ಧತಿ ಒಳ್ಳೆಯದೇ. ಆದರೆ ಬೊಕ್ಕೆ ಒಡೆದಿದ್ದರೆ ಬೇಡ, ಉರಿ ತಡೆಯಲಾಗುವುದಿಲ್ಲ. ನಾನು ಹಾಗೆ ಅದ್ದಿದ್ದು ಎಡಗಾಲನ್ನು ಮಾತ್ರ.

ಆಮೇಲೆ ಪಂಚೆ ಉಟ್ಟು ದೇವಸ್ಥಾನಕ್ಕೆ ಹೋದೆ. ಸಮುದ್ರಸ್ನಾನ, ಕೋಟಿತೀರ್ಥ, ಗಣಪತಿ, ಕೊನೆಗೆ ಮಹಾಬಲೇಶ್ವರ ಎಂಬ ಕ್ರಮವಿದೆ. ದಣಿದ ಕಾಲಿಗೆ ಇದಕ್ಕಿಂತ ಹದವಾದ ಸುತ್ತು ಬೇರೆ ಸಿಗಲಾರದು. ದೂರ ಕಡಿಮೆ, ಹೆಗಲಲ್ಲಿ ಭಾರವಿಲ್ಲ. ಶೂವಿನೊಳಗೆ ಕೂಡಿಕೊಂಡಿದ್ದ ಬೆರಳುಗಳು ತಣ್ಣನೆಯ ಕಲ್ಲುಹಾಸಿನ ಮೇಲೆ ಬಿಡಿಬಿಡಿಯಾದವು. ಗಣಪತಿ ಗುಡಿಯ ದ್ವಿಭುಜ ಮೂರ್ತಿಯ ನೆತ್ತಿಯಲ್ಲಿ ರಾವಣನ ಗುದ್ದಿನ ಗುರುತು ತೋರಿಸುತ್ತಾರೆ. ಮಹಾಬಲೇಶ್ವರನಲ್ಲಿ ಪೀಠದ ರಂಧ್ರಕ್ಕೆ ಬೆರಳಿಟ್ಟು ಲಿಂಗವನ್ನು ಮುಟ್ಟುವಾಗ, ಶೆಜ್ಜೇಶ್ವರದಿಂದ ಇಲ್ಲಿಯವರೆಗೆ ನಡೆದದ್ದಕ್ಕೆ ಅರ್ಥ ಸಿಕ್ಕಂತಾಗಿ ಕಣ್ಣು ತುಂಬಿ ಬಂತು. ಬಸ್ಸಿನಲ್ಲಿ ಬಂದಾಗ ನನಗೆ ಹಾಗೆ ಆಗಿರಲಿಲ್ಲ.

ರಥಬೀದಿಯ ಬದಿಯಲ್ಲಿ ಹಾಲಕ್ಕಿ ಹೆಂಗಸರು ತರಕಾರಿ ಹರಡಿಕೊಂಡು ಕೂತಿರುತ್ತಾರೆ. ಕೊರಳ ತುಂಬ ಮಣಿಸರ. ಒಬ್ಬ ಅಜ್ಜಿ ಹರಿವೆ ಸೊಪ್ಪನ್ನು ಬಾಳೆನಾರಿನಿಂದ ಕಟ್ಟುತ್ತಿದ್ದರು. ನಾರನ್ನು ಹಲ್ಲಲ್ಲಿ ಸೀಳಿ, ಒಂದು ಸುತ್ತು, ಒಂದು ತಿರುವು, ಕಟ್ಟು ಬಿಗಿ. ಅವರ ಹತ್ತಿರ ಮುಳ್ಳುಸೌತೆ ತೆಗೆದುಕೊಂಡೆ. ನಾನು ಕುಂಟುವುದನ್ನು ನೋಡಿ ಏನಾಯಿತೆಂದು ಕೇಳಿದರು. ಕಾರವಾರದಿಂದ ನಡೆದು ಬಂದೆ ಅಂದೆ. "ಬಸ್ಸು ಸಿಗ್ಲಿಲ್ವಾ ತಮಾ?" ಎಂದು ನಿಜವಾಗಿಯೂ ಮರುಗಿ, ಇನ್ನೊಂದು ಸೌತೆ ಚೀಲಕ್ಕೆ ಹಾಕಿದರು.

ಊಟ ಕುಚ್ಚಲಕ್ಕಿ ಅನ್ನ, ತಂಬುಳಿ, ಮಜ್ಜಿಗೆ. ಬೆವರಿನಲ್ಲಿ ಹೋದ ಉಪ್ಪು, ನೀರು ವಾಪಸ್ ಬರಬೇಕು, ಅದಕ್ಕೆ ಈ ಊಟ ಸಾಕು. ಮಧ್ಯಾಹ್ನ ಕಾಲ ಕೆಳಗೆ ದಿಂಬಿಟ್ಟು ನಿದ್ದೆ.

ಸಂಜೆ ಮುಖ್ಯ ಕಡಲತೀರಕ್ಕೆ ಹೋಗಿ ಕೂತೆ, ನಡೆಯಲಿಲ್ಲ. ಇಳಿತ ಎಷ್ಟು ಹೊತ್ತಿಗೆ ಅನ್ನುವುದನ್ನು ದೋಣಿಯವರಲ್ಲಿ ಕೇಳಿಕೊಂಡೆ. ದಿನಕ್ಕೆ ಎರಡು ಭರತ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇದನ್ನು ತಿಳಿದು ಹೊರಟರೆ ಒದ್ದೆಯಾಗಿ ಗಟ್ಟಿಯಾದ, ಇಳಿಜಾರು ಕಡಿಮೆಯಿರುವ ಮರಳು ಸಿಗುತ್ತದೆ. ಭರತದ ಹೊತ್ತಿಗೆ ಹೊರಟವರು ಮೇಲಿನ ಸಡಿಲ ಮರಳಲ್ಲಿ ಕಾಲು ಹೂತುಕೊಂಡು ಅರ್ಧ ದೂರಕ್ಕೆ ದುಪ್ಪಟ್ಟು ದಣಿಯುತ್ತಾರೆ.

ಮಂಡಿ ನೋವು ರಾತ್ರಿಯ ಹೊತ್ತಿಗೆ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಹಾಗಾಗಿ ಮರುದಿನ ಕುಮಟಾದವರೆಗೆ ಹೋಗುವ ಯೋಚನೆ ಬಿಟ್ಟು, ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ದಾಟಿ ಆಚೆ ದಡದ ಹಳ್ಳಿಯಲ್ಲೇ ಉಳಿಯುವುದೆಂದು ನಿಶ್ಚಯಿಸಿಕೊಂಡೆ. ಧಾರೇಶ್ವರಕ್ಕೆ ಒಂದು ದಿನ ತಡವಾಗಿ ಹೋದೆ.