ಗುಳೇದಗುಡ್ಡದ ಹಳೆ ಮನೆ ಖಾಲಿ ಮಾಡಿದ ಬಗೆ: ತೊಳೆಯುವ ಮೊದಲು, ತೂಗುವ ಮೊದಲು

ಸೋದರತ್ತೆ ತೀರಿಕೊಂಡ ಮೇಲೆ ಗುಳೇದಗುಡ್ಡದ ಐದಂಕಣದ ಮನೆ ಖಾಲಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ನಾಲ್ಕು ಮಂದಿ, ಒಂಬತ್ತು ದಿನ. ಅಲ್ಲಿ ಮಾಡಿದ ಕೆಲಸದ ಕ್ರಮ, ಕೈ ತಪ್ಪುವ ಜಾಗಗಳು, ಉಳಿಸಿಕೊಂಡದ್ದನ್ನು ಇಟ್ಟ ರೀತಿ ಇಲ್ಲಿ ಬರೆದಿದ್ದೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹಳೆ ಮನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ನಮೂನಿ ಇರುವುದರಿಂದ ಬೇರೆಯವರಿಗೂ ಹೊಂದೀತು.

ಹಿರಿಯರ ಸಾಮಾನು ಕಳ್ಳರ ಕೈಗಿಂತ ಹೆಚ್ಚಾಗಿ ಪೊರಕೆಗೆ, ಹುಣಸೆಹಣ್ಣಿಗೆ, ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಅದಕ್ಕೇ ಮೊದಲ ಎರಡು ದಿನ ಒಂದು ಕಸವನ್ನೂ ಹೊರಗೆ ಹಾಕಲಿಲ್ಲ, ಒಂದು ಚರಗಿಯನ್ನೂ ತೊಳೆಯಲಿಲ್ಲ. ಗುಜರಿಯವನನ್ನು ಕರೆದದ್ದು ಎಂಟನೇ ದಿನ. ಅವನು ಮೊದಲೇ ಬಾಗಿಲಿಗೆ ಬಂದು ನಿಂತರೆ ಮನೆಯವರ ಕೈ ತಾನಾಗಿಯೇ ಚುರುಕಾಗುತ್ತದೆ, ನೋಡುವುದು ಕಡಿಮೆಯಾಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಎನ್-95 ಮಾಸ್ಕು, ದಪ್ಪ ಕೈಗವಸು, ತಲೆಗೆ ಕಟ್ಟುವ ಬ್ಯಾಟರಿ, ಮೆತ್ತನೆಯ ಎರಡು ಪೇಂಟಿನ ಬ್ರಶ್ಶು, ಮೆತ್ತನೆ ಸೀಸದ ಪೆನ್ಸಿಲ್, ದಪ್ಪ ಕಾಗದದ ಚೀಟಿ, ಬಿಳಿ ನೂಲಿನ ದಾರ, ನೂರು ಪುಟದ ನೋಟ್‌ಬುಕ್, 20 ಮೀಟರ್ ಕೋರಾ ಬಟ್ಟೆ. ಕೋರಾ ಬಟ್ಟೆಯನ್ನು ಎರಡು ಸಲ ತೊಳೆದು ಗಂಜಿ ಪೂರ್ತಿ ತೆಗೆಯಬೇಕು, ಗಂಜಿಯ ವಾಸನೆಗೆ ಬೆಳ್ಳಿಹುಳು ಬರುತ್ತದೆ. ಇದರ ಜೊತೆಗೆ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಒಂದು. ಅದರ ಬೆಳಕಿಗೆ ಚೇಳು ಹಸಿರು ಛಾಯೆಯಲ್ಲಿ ಹೊಳೆಯುತ್ತದೆ. ಕತ್ತಲಾದ ಮೇಲೆ ಅಟ್ಟ, ಕಟ್ಟಿಗೆ ಕೋಣೆ, ಕಲ್ಲಿನ ಸಂದಿಗಳಿಗೆ ಒಮ್ಮೆ ಬಿಟ್ಟು ನೋಡಿ, ಮರುದಿನ ಕೈ ಹಾಕಿದೆವು. ಇಲಿ, ಬಾವಲಿ ಹಿಕ್ಕೆ ಇದ್ದಲ್ಲಿ ಒಣಗಸ ಗುಡಿಸಬಾರದು. ಕಾಗದ, ಬಟ್ಟೆ ಬೇರೆ ಕಡೆ ಸರಿಸಿ, ನೀರು ಚಿಮುಕಿಸಿ, ತೇವ ಆದಮೇಲೆ ಬಳಿದು ತೆಗೆಯಬೇಕು.

ಸಿಕ್ಕ ಪ್ರತಿ ವಸ್ತುವಿಗೂ ಒಂದು ನಂಬರು. ಸಿಕ್ಕ ಜಾಗದಲ್ಲೇ ಫೋಟೋ, ಆಮೇಲೆ ಚೀಟಿಯಲ್ಲಿ ಪೆನ್ಸಿಲ್‌ನಿಂದ ನಂಬರು ಬರೆದು ನೂಲಿನಿಂದ ಕಟ್ಟುವುದು. ಅಂಟಿಸುವ ಸ್ಟಿಕ್ಕರ್ ಬೇಡ, ಅಂಟು ಉಳಿಯುತ್ತದೆ. ರಬ್ಬರ್ ಬ್ಯಾಂಡ್ ಅಂತೂ ಬೇಡವೇ ಬೇಡ, ಅದರಲ್ಲಿರುವ ಗಂಧಕ ಬೆಳ್ಳಿಯ ಮೇಲೆ ಕಪ್ಪು ಗೆರೆ ಕೂರಿಸುತ್ತದೆ. ಎಲ್ಲಿ ಸಿಕ್ಕಿತು ಎಂಬುದನ್ನೂ ಬರೆಯಿರಿ. ಒಂದು ಕೀಲಿ ಯಾವ ಸಂದೂಕದ್ದು ಎಂದು ಹೇಳುವುದು ಆ ಜಾಗವೇ.

ದೇವರ ಜಗಲಿಯಿಂದ ಶುರು ಮಾಡಿದೆವು. ಅಲ್ಲಿರುವುದೆಲ್ಲ ಸಣ್ಣದು, ಎಣ್ಣೆ-ಕುಂಕುಮದಲ್ಲಿ ಮುಚ್ಚಿಹೋಗಿರುತ್ತದೆ. ಕುಂಕುಮದ ಭರಣಿಯ ತಳದಲ್ಲಿ ಮೂಗುಬೊಟ್ಟು, ಗಂಟೆಯ ಒಳಗೆ ಸಿಕ್ಕಿಸಿದ ಬೆಳ್ಳಿಯ ಕಣ್ಣು ಇರಬಹುದು. ಕರಡಿಗೆಯಲ್ಲಿ ಲಿಂಗವಿದ್ದರೆ, ಯಲ್ಲಮ್ಮನ ಪಡ್ಡಲಗಿ (ದೇವಿಯ ಬುಟ್ಟಿ) ಇದ್ದರೆ, ಅದನ್ನು ಯಾರು ಮುಂದುವರಿಸುತ್ತಾರೆ ಎಂದು ಹಿರಿಯರನ್ನು ಕೇಳಿ ನಿಕ್ಕಿ ಮಾಡಿಕೊಂಡೇ ಕದಲಿಸಬೇಕು. ಆಮೇಲೆ ಅಡಿಗಿಮನಿ. ಹಿಟ್ಟಿನ ಡಬ್ಬಿ, ಉಪ್ಪಿನ ಮಡಿಕೆ, ಜೋಳದ ಚೀಲ ಯಾವುದನ್ನೂ ಹಾಗೇ ಎತ್ತಿ ಹಾಕಲಿಲ್ಲ. ಕಾಳನ್ನೆಲ್ಲ ಸಾಣಗಿಯಲ್ಲಿ ಹಿಡಿದೆವು. ಗೋಡೆಯ ಮಾಡ, ತಲೆಬಾಗಿಲ ಚೌಕಟ್ಟಿನ ಮೇಲುಭಾಗ, ತೊಲೆ ಗೋಡೆಗೆ ಕೂಡುವ ಸಂದಿ, ನಾಗೊಂದಿಗೆಯ ಮೇಲೆ ಹಾಸಿದ ಪೇಪರಿನ ಕೆಳಗೆ, ಟ್ರಂಕಿನ ತಳದ ಕಾಗದದ ಅಡಿ, ತಿಜೋರಿಯ ಕಳ್ಳ ಅರೆ: ಕೈ ಆಡಿಸಬೇಕಾದ ಜಾಗ ಇವು. ಹೆಂಗಸರ ಎಲಿಸಂಚಿಯನ್ನು ಮರೆಯಬಾರದು. ಅರೆಯೊಳಗೆ ಅರೆ ಇರುವ ಚೀಲ ಅದು, ಒಂದೊಂದನ್ನೂ ಒಳಹೊರಗು ಮಾಡಬೇಕು. ಕೌದಿಯನ್ನು ನೆಲಕ್ಕೆ ಹಾಸಿ ಅಂಗೈಯಿಂದ ಒತ್ತುತ್ತ ಹೋಗಿ. ಗಟ್ಟಿ ಸಿಕ್ಕಲ್ಲಿ ಹೊಲಿಗೆ ಬಿಚ್ಚಿ. ಗಟ್ಟಿ ಏನೂ ಸಿಗದಿದ್ದರೂ ಕೌದಿಯನ್ನು ಎಸೆಯುವ ಮೊದಲು ಪದರ ನೋಡಿ, ಒಳಗೆ ಹೊಲಿದ ತುಂಡುಗಳಲ್ಲಿ ಹಳೆ ಖಣ, ಕಸೂತಿ ಸೆರಗು ಇರುವುದುಂಟು.

ಹಿತ್ತಾಳೆ-ತಾಮ್ರದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಹಂಡೆ, ಕೊಡ, ಗಂಗಾಳ, ತಂಬಿಗೆಯ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುವ ರೂಢಿ. ಕೊಟ್ಟವರು ಯಾರು, ಯಾರ ಮದುವೆಗೆ, ಯಾವ ಊರು, ಕೆಲವೊಮ್ಮೆ ತಾರೀಖು ಕೂಡ. ಮನೆತನದ ದಾಖಲೆ ಎಂದು ಬೇರೆ ಏನೂ ಉಳಿಯದಿದ್ದರೂ ಇದು ಉಳಿದಿರುತ್ತದೆ. ಇದನ್ನು ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ಬೆಳಗಿಸಿದರೆ ಮೊದಲೇ ಸವೆದ ಚುಕ್ಕಿ ಪೂರ್ತಿ ಹೋಗುತ್ತದೆ. ಹಿಂದಿನವರು ದಿನಾ ತಿಕ್ಕಿ ಅರ್ಧ ಕಳೆದಿರುತ್ತಾರೆ, ಉಳಿದರ್ಧ ನಾವು ಒಂದೇ ದಿನದಲ್ಲಿ ಕಳೆಯುತ್ತೇವೆ. ಓದುವ ರೀತಿ ಹೀಗೆ: ಪಾತ್ರೆಯನ್ನು ಒಣ ಬಟ್ಟೆಯಿಂದ ಧೂಳಷ್ಟೇ ಒರೆಸಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಲೋಹಕ್ಕೆ ತಾಗುವಷ್ಟು ಅಡ್ಡಲಾಗಿ ಹಿಡಿಯಿರಿ. ಪ್ರತಿ ಚುಕ್ಕಿಗೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಪಾತ್ರೆಯನ್ನು ಮೆಲ್ಲಗೆ ತಿರುಗಿಸುತ್ತ ನಾಲ್ಕೈದು ಫೋಟೋ ತೆಗೆದರೆ ಪೂರ್ತಿ ಸಾಲು ಓದಬಹುದು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಏನೂ ಕಾಣದು.

ಉಳಿದವನ್ನು ಮಾರುವಾಗ ತಾಮ್ರ, ಹಿತ್ತಾಳೆ, ಕಂಚು ಬೇರೆ ಬೇರೆ ತೂಗಿಸಿ, ಕೂಡಿಸಿ ತೂಗಿದರೆ ಕಡಿಮೆ ದರದ್ದೇ ಗತಿ. ಕಂಚಿನ ತಾಟು ಬಡಿದರೆ ಬಹಳ ಹೊತ್ತು ನಾದ ಉಳಿಯುತ್ತದೆ, ಕೈಜಾರಿ ಬಿದ್ದರೆ ಒಡೆಯುತ್ತದೆ. ಇಟ್ಟುಕೊಂಡ ತಾಮ್ರ-ಹಿತ್ತಾಳೆಯಲ್ಲಿ ಅಡುಗೆ ಮಾಡುವ ಆಸೆ ಇದ್ದರೆ ಒಳಗೆ ಕಲಾಯಿ ಮಾಡಿಸಲೇಬೇಕು. ಹುಳಿ ಪದಾರ್ಥಕ್ಕೆ ಬರಿ ತಾಮ್ರ ಸಲ್ಲದು.

ಬಂಗಾರದ ಬಗ್ಗೆ ಒಂದೇ ಎಚ್ಚರಿಕೆ ಸಾಕು: ಬೋರಮಾಳ ಸರದ ಗುಂಡುಗಳು ಸಾಮಾನ್ಯವಾಗಿ ಗಟ್ಟಿ ಬಂಗಾರವಲ್ಲ. ತೆಳುವಾದ ಬಂಗಾರದ ತಗಡು, ಒಳಗೆ ಅರಗು. ಬಿಸಿನೀರಿಗೆ ಹಾಕಿದರೆ ಅರಗು ಮೆತ್ತಗಾಗಿ ಗುಂಡು ತಗ್ಗು ಬೀಳುತ್ತದೆ. ತೂಕ ಮಾಡಿ ಇಷ್ಟು ಬಂಗಾರ ಎಂದು ಲೆಕ್ಕ ಹಾಕಿಕೊಂಡರೆ ಪತ್ತಾರರ (ಅಕ್ಕಸಾಲಿಗರ) ಹತ್ತಿರ ಹೋದಾಗ ಮನಸ್ತಾಪ ಖಂಡಿತ. ಯಂತ್ರದಲ್ಲಿ ಶುದ್ಧತೆ ನೋಡಿಸಿದರೂ ಅದು ಹೇಳುವುದು ಮೇಲ್ಮೈಯದ್ದನ್ನು ಮಾತ್ರ. ಹಳೆ ಒಡವೆಗೆ ಹಾಲ್‌ಮಾರ್ಕ್ ಇಲ್ಲ ಎಂದು ಗಾಬರಿ ಬೇಡ; ಆರು ಅಕ್ಷರ-ಅಂಕಿಯ ಗುರುತು ಬೇಕೆಂಬ 2023ರ ಏಪ್ರಿಲ್ 1ರ ನಿಯಮ ಮಾರುವ ಅಂಗಡಿಗಳಿಗೆ, ಮನೆಯಲ್ಲಿ ಇಟ್ಟುಕೊಳ್ಳುವವರಿಗಲ್ಲ. ದಾರ ಜೀರ್ಣವಾಗಿದ್ದರೆ ಹಾಕಿಕೊಂಡು ನೋಡುವ ಮೊದಲು ಪಟವೇಗಾರರಿಂದ ಪೋಣಿಸಿ. ಸಿಕ್ಕ ಬೆಳ್ಳಿ ರೂಪಾಯಿಗಳಲ್ಲಿ 1940ಕ್ಕಿಂತ ಹಿಂದಿನವು ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತವೆ, ನೂರಕ್ಕೆ 91ರ ಮೇಲೆ ಬೆಳ್ಳಿ. ಆಮೇಲಿನವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರದ್ದು ನಿಕ್ಕಲ್, ಬೆಳ್ಳಿಯೇ ಇಲ್ಲ. ಇವನ್ನೂ ತಿಕ್ಕಬೇಡಿ.

ಸೀರೆ ಟ್ರಂಕು ತೆರೆದಾಗ ಮೇಲಿನದನ್ನು ಹಿಡಿದು ಎಳೆಯಬಾರದು. ಎರಡೂ ಕೈ ಅಡಿಗೆ ಹಾಕಿ ತಾಟಿನಂತೆ ಎತ್ತಬೇಕು. ಹಳೆ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ನೂಲಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೀರೆ ತಿರುವಿ ನೋಡಿದರೆ ಆ ಕೂಡುಗೆರೆ ಬೆರಳಿಗೆ ಸಿಗುತ್ತದೆ. ಮೊದಲು ಬಿಡುವುದೇ ಅಲ್ಲಿ, ಹಾಗಾಗಿ ಮಡಿಕೆ ಆ ಗೆರೆಯ ಮೇಲೆ ಬೀಳದಂತೆ ಮಡಚಬೇಕು. ಹದಿನಾರು, ಹದಿನೆಂಟು ಮೊಳದ ಸೀರೆ ಸಿಕ್ಕರೆ ಕತ್ತರಿಸಿ ಲಂಗ ಹೊಲಿಸುವ ಯೋಚನೆ ಬಿಡಿ. ಕಸೂತಿ ಕೈಯದೋ ಮಷೀನಿನದೋ ತಿಳಿಯಲು ಹಿಂಬದಿ ನೋಡಿ: ಕೈಯಿಂದ ಹಾಕಿದ ಗವಂತಿ, ಮುರಗಿ ಹೊಲಿಗೆ ಎರಡೂ ಕಡೆ ಒಂದೇ ತೆರ ಇರುತ್ತದೆ, ಗಂಟು ಇರುವುದಿಲ್ಲ. ಕೆಂಪು ಸೆರಗು ಬಣ್ಣ ಬಿಡುತ್ತದೋ ಎಂದು ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡದೆ ನೀರು ಮುಟ್ಟಿಸಬಾರದು. ಕಬ್ಬಿಣದ ಟ್ರಂಕಿನ ತುಕ್ಕು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಒಳಗೆ ಕೋರಾ ಬಟ್ಟೆಯ ಎರಡು ಪದರ ಹಾಸಿದೆವು. ನಫ್ತಲಿನ್ ಗುಳಿಗೆ ಬಟ್ಟೆ ಚೀಲದಲ್ಲಿ ಕಟ್ಟಿ ಮೂಲೆಗೆ, ಜರಿಗೆ ತಾಗದಂತೆ. ಕರ್ಪೂರವನ್ನೂ ಅದರ ಜೊತೆ ಹಾಕುವವರಿದ್ದಾರೆ, ಎರಡೂ ಕೂಡಿದರೆ ಕರಗಿ ಎಣ್ಣೆಯಂತಾಗಿ ಬಟ್ಟೆಗೆ ಇಳಿಯುತ್ತದೆ. ಪ್ಲಾಸ್ಟಿಕ್ ಕವರ್ ಬೇಡ.

ಇನ್ನು ಕಾಗದ. ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಇದರಲ್ಲೇ, ಅದರಲ್ಲೂ ಕಡತ. ಕಪ್ಪಗಿನ, ಬೀಸಣಿಗೆಯಂತೆ ಮಡಚಿದ ಗಟ್ಟಿ ಬಟ್ಟೆ. ಹುಣಸೆಬೀಜದ ಅಂಟಿನಲ್ಲಿ ಇದ್ದಿಲು ಕಲಸಿ ಬಳಿದದ್ದು, ಮೇಲೆ ಬಳಪದಿಂದ ಬರೆದದ್ದು. ನೋಡಿದವರಿಗೆ ಹೊಗೆ ಹಿಡಿದ ಚಿಂದಿಯಂತೆ ಕಾಣುತ್ತದೆ, ಯಾರಾದರೂ ಒದ್ದೆ ಬಟ್ಟೆ ತಂದು ಒರೆಸಿಬಿಡುತ್ತಾರೆ. ಒರೆಸಿದರೆ ಮುಗಿಯಿತು, ಪಾಟಿಯ ಮೇಲಿನ ಬರಹದ ಹಾಗೆ. ಬ್ರಶ್ಶನ್ನೂ ಆಡಿಸಬಾರದು. ಇದಕ್ಕೂ ಅದೇ ಅಡ್ಡ ಬೆಳಕು: ಒಂದೊಂದೇ ಮಡಿಕೆ ತಾನಾಗಿ ಎಷ್ಟು ಬಿಚ್ಚುತ್ತದೋ ಅಷ್ಟೇ ಬಿಚ್ಚಿ ಫೋಟೋ ತೆಗೆದು, ಹಾಗೇ ಮಡಚಿ, ಕೋರಾ ಬಟ್ಟೆಯಲ್ಲಿ ಸುತ್ತಿ ಮಲಗಿಸಿ ಇಡಬೇಕು. ತಾಡೋಲೆಯೂ ಹಾಗೇ. ಗರಿ ಒಂದಕ್ಕೊಂದು ಅಂಟಿದ್ದರೆ ಬಿಡಿಸಲು ಹೋಗಬಾರದು, ಎಣ್ಣೆ ಹಚ್ಚಲೂಬಾರದು. ಓಲೆ ತಿಳಿದವರ ಕೈಗೆ ಕೊಡಬೇಕು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಕಿ ಮಾಡುತ್ತ ವಚನದ ಓಲೆಗಳನ್ನು ಕೂಡಿಸಿದ್ದು ಇಂಥ ಮನೆಗಳಿಂದಲೇ. ಅವರ ಹೆಸರಿನ ಸಂಶೋಧನ ಕೇಂದ್ರ ಅದೇ ಊರಲ್ಲಿದೆ, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗವಿದೆ.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಗಳು ಮುಂಬಯಿ ಸೀಮೆಯಲ್ಲಿದ್ದವು. ಹೊಲ-ಮನೆಯ ಹಳೆ ಪತ್ರಗಳು ಮರಾಠಿಯಲ್ಲಿ, ಮೋಡಿ ಎಂಬ ಹಳೆ ಕೂಡುಬರಹದ ಲಿಪಿಯಲ್ಲಿ ಇರುವುದುಂಟು. ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕಿದರೆ ಖರೀದಿ ಪತ್ರವೇ ಹೋದೀತು. ಛಾಪಾ ಕಾಗದ, ಮುದ್ರೆ, ಸರ್ವೆ ನಂಬರಿನ ಅಂಕಿ ಕಂಡ ಎಲ್ಲವನ್ನೂ ಬೇರೆ ಇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಆ ಬಿಸಿ, ಆ ಅಂಟು ಮತ್ತೆ ಬಿಡುವುದಿಲ್ಲ. ಪಿನ್ನು, ಕ್ಲಿಪ್ಪು ತುಕ್ಕು ಹಿಡಿದಿದ್ದರೆ ಕಾಗದವನ್ನು ಎಳೆಯದೆ ಪಿನ್ನನ್ನೇ ಬಾಗಿಸಿ ತೆಗೆಯಬೇಕು. ಗಾಜಿಗೆ ಅಂಟಿದ ಫೋಟೋವನ್ನು ಕೀಳದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿದೆವು, 600 ಡಿಪಿಐನಲ್ಲಿ. ಫೋಟೋದಲ್ಲಿ ಯಾರ್ಯಾರಿದ್ದಾರೆ ಎಂದು ಊರಿನ ಹಿರಿಯರಿಗೆ ತೋರಿಸಿ ಕೇಳಿ, ಹಿಂದೆ ಪೆನ್ಸಿಲ್‌ನಿಂದ ಬರೆಯುವ ಕೆಲಸ ಆ ಒಂಬತ್ತು ದಿನದಲ್ಲೇ ಆಗಬೇಕು. ಎಲ್ಲರೂ ಕೂಡಿರುವುದು ಆಗಷ್ಟೇ.

ಹಗೇವಿಗೆ, ಅಂದರೆ ಕಾಳು ತುಂಬಿಡುವ ನೆಲದ ಗುಂಡಿಗೆ, ಯಾರೂ ಇಳಿಯಬಾರದು. ಕಾಳು ಕೊಳೆತ ಹಗೇವಿನಲ್ಲಿ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕುಳಿತಿರುತ್ತದೆ, ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ದೀಪ ಬಿಟ್ಟು ಆರಲಿಲ್ಲವೆಂದರೂ ನಂಬಬಾರದು. ಮೊಬೈಲಿನ ಟಾರ್ಚ್ ಹಾಕಿ, ವಿಡಿಯೋ ಶುರು ಮಾಡಿ, ಜಾಳಿಗೆಯಲ್ಲಿ ಕಟ್ಟಿ ಹಗ್ಗದಿಂದ ಇಳಿಬಿಟ್ಟು ಒಂದು ಸುತ್ತು ತಿರುಗಿಸಿದರೆ ತಳ ಪೂರ್ತಿ ಕಾಣುತ್ತದೆ. ಸಾಮಾನು ಕಂಡರೆ ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ, ಪಾತಾಳಗರಡಿ ಸಾಕು. ನೆಲದಲ್ಲಿ, ಗೋಡೆಯಲ್ಲಿ ಹುಗಿದ ಗಡಿಗೆ ಸಿಕ್ಕರೆ ಮಾತ್ರ ಅದು ಮನೆಯವರ ಸ್ವಂತದ್ದೆಂದು ಹಂಚಿಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಳೆ ಬಂದೂಕು ಸಿಕ್ಕರೆ ಮುಟ್ಟದೆ ಠಾಣೆಗೆ ಫೋನ್ ಮಾಡಿ. ನೂರು ವರ್ಷ ದಾಟಿದ ಮೂರ್ತಿಯನ್ನು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಯನ್ನು ಪರದೇಶದಲ್ಲಿರುವ ಮಕ್ಕಳು ಬ್ಯಾಗಿನಲ್ಲಿ ಒಯ್ಯುವ ಹಾಗಿಲ್ಲ, 1972ರ ಪುರಾವಸ್ತು ಕಾಯ್ದೆ ತಡೆಯುತ್ತದೆ.

ಹಂಚುವಾಗ ನೋಟ್‌ಬುಕ್ಕಿನ ನಂಬರೇ ಆಧಾರ. ಒಬ್ಬೊಬ್ಬರು ಸರದಿಯಂತೆ ಒಂದೊಂದು ನಂಬರು ಆರಿಸುವುದು, ಎರಡನೇ ಸುತ್ತು ಹಿಂದುಮುಂದಾಗಿ. ಬೆಲೆ ಕಟ್ಟುವ ಬಂಗಾರವನ್ನು ಈ ಸರದಿಗೆ ಸೇರಿಸದೆ ಬೇರೆ ಮಾಡಿದೆವು. ಎಲ್ಲರೂ ಬೇಡವೆಂದ ಹೆಸರಿನ ಗಂಗಾಳಗಳನ್ನು ಹೆಸರಿರುವ ಮನೆತನಗಳಿಗೇ ಕೇಳಿ ಕಳಿಸಿದೆವು.

ಇಟ್ಟುಕೊಂಡ ಸಾಮಾನನ್ನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತೆಗೆಯುತ್ತೇವೆ. ಸೀರೆಯ ಮಡಿಕೆ ಬದಲಿಸಿ, ನೆರಳಲ್ಲಿ ಒಂದು ತಾಸು ಗಾಳಿಗೆ ಹಾಕಿ, ಬೆಳ್ಳಿಯ ಡಬ್ಬಿಯೊಳಗಿನ ಸುದ್ದೆ ಕಡ್ಡಿ (ಸೀಮೆಸುಣ್ಣ) ತೇವ ಹಿಡಿದಿದ್ದರೆ ಹೊಸದು ಹಾಕಿ, ನೋಟ್‌ಬುಕ್ಕಿನಲ್ಲಿ ತಾರೀಖು ಬರೆಯುತ್ತೇವೆ. ಮಳೆಗಾಲದಲ್ಲಿ ಟ್ರಂಕು ತೆರೆಯುವುದಿಲ್ಲ.