ಶಾಸನದ ಶಕ ವರ್ಷದಿಂದ ಇಸವಿಯ ದಿನಾಂಕಕ್ಕೆ

ಬೇಲೂರು ಚೆನ್ನಕೇಶವನ ಪ್ರತಿಷ್ಠೆಯ ಕಾಲ ಶಕ 1039, ಹೇಮಲಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ. ಹಲವರು 78 ಕೂಡಿಸಿ 1117 ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ. ಚೈತ್ರಕ್ಕೆ ಅದು ಸರಿ. ಮಾಘ, ಫಾಲ್ಗುಣಗಳಿದ್ದರೆ ಕೂಡಿಸಬೇಕಾದದ್ದು 79. ಪುಷ್ಯ ಡಿಸೆಂಬರ್‌ನಲ್ಲೂ ಬರಬಹುದು, ಜನವರಿಯಲ್ಲೂ ಬರಬಹುದು. ಅದನ್ನು ಕೋಷ್ಟಕ ನೋಡಿಯೇ ತೀರ್ಮಾನಿಸಿ.

ಮುಂದೆ ಸಂವತ್ಸರದ ತಾಳೆ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. 1039 + 12 = 1051, ಶೇಷ 31. ಪ್ರಭವದಿಂದ ಎಣಿಸಿದರೆ 31ನೆಯದು ಹೇಮಲಂಬಿಯೇ. ಶೇಷ ಸೊನ್ನೆ ಬಂದರೆ ಅಕ್ಷಯ. ಶಾಸನದ ಸಂವತ್ಸರ ಲೆಕ್ಕಕ್ಕಿಂತ ಒಂದು ಹಿಂದಿದ್ದರೆ ಬರೆದವರು ಗತ (ಮುಗಿದ) ವರ್ಷವನ್ನಲ್ಲ, ವರ್ತಮಾನ (ನಡೆಯುತ್ತಿರುವ) ವರ್ಷವನ್ನು ಕೊಟ್ಟಿದ್ದಾರೆ; ಶಕದಿಂದ ಒಂದು ಕಳೆಯಿರಿ. ಅಂಕಿ ಸವೆದಿರುತ್ತದೆ, ಓದುವಾಗ ತಪ್ಪುತ್ತದೆ. ಹಾಗಾಗಿ ಅಂಕಿಗಿಂತ ಸಂವತ್ಸರದ ಹೆಸರನ್ನೇ ಹೆಚ್ಚು ನಂಬಬೇಕು. ರಾಷ್ಟ್ರಕೂಟರ ಕಾಲದಲ್ಲಿ ಮಾತ್ರ ಎಚ್ಚರ: ಆಗ ಗುರು ಗ್ರಹದ ಚಲನೆಯ ಎಣಿಕೆಯೂ ಬಳಕೆಯಲ್ಲಿದ್ದುದರಿಂದ ಈ ಸೂತ್ರ ಕೈಕೊಡಬಹುದು.

ತಿಥಿಗೆ ಸ್ವಾಮಿಕನ್ನು ಪಿಳ್ಳೈ ಅವರ ‘ಇಂಡಿಯನ್ ಎಫಿಮೆರಿಸ್’ ಕೋಷ್ಟಕಗಳನ್ನು ನೋಡಿ. ಬೇಲೂರಿಗೆ ಸಿಗುವ ದಿನ 1117ರ ಮಾರ್ಚ್ 10. ತಿಥಿ ದಿನದ ಯಾವ ಹೊತ್ತಿನಲ್ಲಾದರೂ ಶುರುವಾಗುವುದರಿಂದ ಒಂದು ದಿನದ ವ್ಯತ್ಯಾಸ ಬಂದರೆ ಗಾಬರಿ ಬೇಡ.

ಕೊನೆಗೆ ವಾರ. 1582ರ ಅಕ್ಟೋಬರ್ 4ರವರೆಗಿನ ದಿನಗಳಿಗೆ ಜೂಲಿಯನ್ ಲೆಕ್ಕ, ಅಂದರೆ ಈಗಿನ ಗ್ರೆಗೋರಿಯನ್ ಪಂಚಾಂಗಕ್ಕೆ ಮೊದಲಿದ್ದ ಪದ್ಧತಿ. ಇಸವಿಯಿಂದ ಒಂದು ಕಳೆಯಿರಿ: 1116. ಅದರ ಕಾಲುಭಾಗ 279 (ಭಿನ್ನ ಬಂದರೆ ಬಿಡಿ). ಮಾರ್ಚ್ 10 ವರ್ಷದ 69ನೇ ದಿನ. ಮೂರನ್ನೂ ಕೂಡಿಸಿದರೆ 1464. 7ರಿಂದ ಭಾಗಿಸಿದರೆ ಶೇಷ 1. ಒಂದು ಎಂದರೆ ಶನಿವಾರ, ಎರಡು ಭಾನುವಾರ, ಹೀಗೆ ಸಾಗಿ ಸೊನ್ನೆ ಶುಕ್ರವಾರ. ಶಾಸನದ ವಾರಕ್ಕೆ ಲೆಕ್ಕ ಕೂಡಿತು.

ಕಂಪ್ಯೂಟರ್ ಬಳಸುವವರು ಎಡವುವುದು ಇಲ್ಲಿಯೇ. ಎಷ್ಟೋ ತಂತ್ರಾಂಶಗಳು ಈಗಿನ ಗ್ರೆಗೋರಿಯನ್ ಪಂಚಾಂಗವನ್ನೇ ಹಿಂದಕ್ಕೆ ಎಳೆಯುತ್ತವೆ. ಹನ್ನೆರಡು, ಹದಿಮೂರನೇ ಶತಮಾನಗಳಲ್ಲಿ ಎರಡೂ ಪದ್ಧತಿಗಳ ಅಂತರ ಸರಿಯಾಗಿ 7 ದಿನ. ಅಂದರೆ ದಿನಾಂಕ ಒಂದು ವಾರ ತಪ್ಪಿದ್ದರೂ ವಾರದ ಹೆಸರು ಹೊಂದಿಕೊಳ್ಳುತ್ತದೆ! ಹೊಯ್ಸಳ ಶಾಸನಗಳ ಬಹುಪಾಲು ಈ ಅವಧಿಯವೇ. ಕೆಲಸಕ್ಕೆ ಮೊದಲು ತಂತ್ರಾಂಶಕ್ಕೆ 1582ರ ಅಕ್ಟೋಬರ್ 4 ಯಾವ ವಾರವೆಂದು ಕೇಳಿ. ಗುರುವಾರ ಎಂದರೆ ಅದು ಜೂಲಿಯನ್ ಲೆಕ್ಕ ಹಿಡಿದಿದೆ. ಸೋಮವಾರ ಎಂದರೆ ಅದು ಕೊಡುವ ಹಳೆಯ ದಿನಾಂಕಗಳನ್ನು ಹಾಗೆಯೇ ಬರೆದುಕೊಳ್ಳಬೇಡಿ.